ತಂಪಾದ, ಒಣ ಸ್ಥಳದಲ್ಲಿಡಿ

ಕಳೆದ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಕರಕುಶಲ ಮೇಳದಿಂದ ಮಾವಿನ ಮರದ ತರಕಾರಿ ಹೆಚ್ಚುವ ಹಲಗೆಯನ್ನೂ ಹಲಸಿನ ಮರದ ಮೂರು ಸೌಟುಗಳನ್ನೂ ಮನೆಗೆ ತಂದೆ. ಅವುಗಳ ಜೊತೆ ಆರೈಕೆಯ ಚೀಟಿಯೊಂದಿತ್ತು. ಅದರ ಮೊದಲ ಸಾಲೇ ‘ತಂಪಾದ, ಒಣ ಸ್ಥಳದಲ್ಲಿಡಿ’ ಎಂದಿತ್ತು. ಬರೆದ ಪುಣ್ಯಾತ್ಮರು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಮಡಿಕೇರಿಯ ಕಡೆ ತಲೆ ಹಾಕಿದವರಲ್ಲ. ವರ್ಷಕ್ಕೆ 100 ಇಂಚು ದಾಟಿ ಮಳೆ ಸುರಿಯುವ ನಮ್ಮ ತೋಟದ ಮನೆಯಲ್ಲಿ ತಂಪಾದ ಸ್ಥಳ ಎಷ್ಟು ಬೇಕಾದರೂ ಇದೆ. ಒಣ ಸ್ಥಳವೆಂದರೆ ಒಲೆಯ ಬಾಯಿಯೊಂದೇ, ಅಲ್ಲಿಟ್ಟ ಮರವನ್ನು ಸೌದೆ ಎನ್ನುತ್ತಾರೆ.

ಮೊದಲ ಪೆಟ್ಟು ಕೊಟ್ಟದ್ದು ಸೌಟು. ರಾತ್ರಿ ನೆನೆಹಾಕಿದ ಪಾತ್ರೆಯ ನೀರು ಬೆಳಿಗ್ಗೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಸಾರಿನ ಕಲೆಯೆಂದು ತಿಳಿದು ಎರಡು ದಿನ ಉಜ್ಜಿದೆ. ಉಜ್ಜಿದಷ್ಟೂ ಹಳದಿ ಬಂತು. ಹಲಸಿನ ತಿರುಳುಮರದಲ್ಲಿ ಹುಟ್ಟಿನಿಂದಲೇ ಬಣ್ಣವಿರುತ್ತದೆ, ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಅದರಿಂದಲೇ ಬಣ್ಣ ಕಟ್ಟುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನನ್ನ ಬಿಳಿಯ ಬನಿಯನ್ನು ಅರ್ಧ ಸನ್ಯಾಸ ಸ್ವೀಕರಿಸಿ ಆಗಿತ್ತು.

ಜುಲೈ ಎರಡನೆಯ ವಾರದಲ್ಲಿ ಬೂಷ್ಟು ಬಂತು. ಬೆಲ್ಟು, ಚಪ್ಪಲಿ, ಗೋಡೆಯ ಮೇಲಿನ ಹಿರಿಯರ ಫೋಟೋದ ಚೌಕಟ್ಟು, ಯಾವುದನ್ನೂ ಬಿಡದ ಬೂಷ್ಟು ನನ್ನ ಹಲಗೆಯನ್ನು ಬಿಟ್ಟೀತೆಂದು ನಾನೂ ನಂಬಿರಲಿಲ್ಲ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯಲ್ಲಿರುವ ತೇವವನ್ನು ಕುಡಿಯುವ ಚಟವನ್ನು ಬಿಡುವುದಿಲ್ಲ. ಗಾಳಿಯ ತೇವಾಂಶ 65 ಶೇಕಡಾ ಇದ್ದಾಗ ಒಣಮರದ ತೂಕಕ್ಕೆ ಸುಮಾರು 12 ಶೇಕಡಾದಷ್ಟು ನೀರು ಮರದೊಳಗೆ ನಿಲ್ಲುತ್ತದೆ. ತೇವಾಂಶ 90ಕ್ಕೇರಿದರೆ ಆ ನೀರು 20ರ ಹತ್ತಿರ ಹೋಗುತ್ತದೆ, ಬೂಷ್ಟಿಗೆ ಅದು ಹಬ್ಬದೂಟ. ಚೀಟಿಯ ಎರಡನೆಯ ಸಾಲು ‘ತಿಂಗಳಿಗೊಮ್ಮೆ ಎಣ್ಣೆ ಸವರಿ’ ಎಂದು ಹೇಳುತ್ತಿತ್ತು, ಯಾವ ಎಣ್ಣೆಯೆಂದು ಹೇಳುತ್ತಿರಲಿಲ್ಲ. ಸೂರ್ಯಕಾಂತಿ ಎಣ್ಣೆ ಸವರಿದೆ. ಹತ್ತು ದಿನಕ್ಕೆ ಅದು ಅಂಟಂಟಾಗಿ, ಹಳೆಯ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದಂತಹ ಕಮಟು ವಾಸನೆ ಬಂತು.

ಹಾಗಾಗಿ ಬೇಗ ಕಮಟು ಹಿಡಿಯದ ಕೊಬ್ಬರಿ ಎಣ್ಣೆಗೆ ಬಂದೆ. ಸಂಜೆ ಬಿಸಿ ಮಾಡಿ, ಬಟ್ಟೆಯಿಂದ ಹಲಗೆಯ ತುಂಬ ಹಚ್ಚಿ, ಗೋಡೆಗೊರಗಿಸಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಹಲಗೆಯ ಗೆರೆಗೆರೆಯಲ್ಲೂ ಬಿಳಿ ಬೂಷ್ಟು! ಉಪ್ಪು, ನಿಂಬೆಹೋಳು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಸಂಜೆ ಮತ್ತೆ ಎಣ್ಣೆ ಹಚ್ಚಿದೆ. ಮರುದಿನ ಬೂಷ್ಟು ಮತ್ತೆ ಹಾಜರು. ಮೂರು ದಿನ ಈ ಯುದ್ಧ ನಡೆಯಿತು. ನಾಲ್ಕನೆಯ ಬೆಳಿಗ್ಗೆ ನನ್ನ ಹೆಂಡತಿ ಬಂದು, ಉಗುರಿನಿಂದ ಹಲಗೆಯನ್ನು ಕೆರೆದು, ಮೂಸಿ ನೋಡಿ, ಆ ಬಿಳಿಯನ್ನು ಅಂಗೈಯಲ್ಲಿ ತಿಕ್ಕಿ ತಲೆಗೆ ಸವರಿಕೊಂಡಳು. “ನೋಡಿ, ಇದು ಎಣ್ಣೆ” ಎಂದಷ್ಟೇ ಹೇಳಿ ಹೋದಳು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜುಲೈಯಲ್ಲಿ ನಮ್ಮ ಅಡುಗೆಮನೆ 20 ಡಿಗ್ರಿ ಮುಟ್ಟಿದರೆ ಅದೇ ಬೇಸಿಗೆ. ಬಚ್ಚಲಿನ ಬಾಟಲಿಯೊಳಗಿನ ಗಟ್ಟಿ ಎಣ್ಣೆಯನ್ನು ಬಾಲ್ಯದಿಂದಲೂ ಕಡ್ಡಿಯಲ್ಲಿ ಕುಕ್ಕಿ ತೆಗೆದವನಿಗೆ ಇದು ಹೊಳೆಯಲಿಲ್ಲವೆಂಬುದನ್ನು ಆಕೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಅಗಸೆ ಎಣ್ಣೆಯ ಪ್ರಯೋಗವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಬಣ್ಣದಂಗಡಿಯಲ್ಲಿ ಕುದಿಸಿದ್ದೆಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರಾದ್ದರಿಂದ ಅದು ಊಟದ ಪಾತ್ರೆಗೆ ಸಲ್ಲದು. ಶುದ್ಧ ಎಣ್ಣೆಯಾದರೂ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಎಣ್ಣೆ ಗಾಳಿಯೊಡನೆ ಕೂಡಿ ಬಿಸಿಯೇರಿ ತಾನಾಗಿಯೇ ಬೆಂಕಿ ಹತ್ತುವುದುಂಟು. ನಾನು ಹೆದರಿ ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಕಕ್ಕಡದಲ್ಲಿ ಒಲೆಯ ಸೌದೆಗೇ ಬೆಂಕಿ ಹತ್ತಿಸಲಾಗದೆ ಊದುಗೊಳವೆ ಹಿಡಿದು ಕಣ್ಣೀರಿಡುತ್ತಿದ್ದ ಅವ್ವ, ತಾನಾಗಿ ಹತ್ತುವ ಬಟ್ಟೆಯ ಕಥೆ ಕೇಳಿ ಅದರಲ್ಲಿ ನಾಲ್ಕು ತರಲು ಹೇಳಿದರು.

ಕೊನೆಗೆ ಹಲಗೆಯನ್ನು ಉಳಿಸಿದ್ದು ಅವ್ವ ಕರಟದಲ್ಲಿ ಕೂಡಿಟ್ಟಿದ್ದ ಜೇನುಮೇಣ. ಮೇಣದ ಒಂದು ಪಾಲಿಗೆ ಎಣ್ಣೆ ನಾಲ್ಕು ಪಾಲು ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ತೆಳ್ಳಗೆ ತಿಕ್ಕಿದರೆ ಸಾಕು. ಆದರೆ ಅಷ್ಟರೊಳಗೆ ನಾನು ಹಲಗೆಯ ಒಂದೇ ಮಗ್ಗುಲನ್ನು ಒಲೆಗೆ ತಿರುಗಿಸಿ ಒಣಗಿಸಿದ್ದರಿಂದ ಅದು ದೋಣಿಯಂತೆ ಬಾಗಿತ್ತು. ಅದರ ಮೇಲಿಟ್ಟ ಈರುಳ್ಳಿ ಈಗಲೂ ನಡುವಿಗೆ ತಾನೇ ಉರುಳಿ ಬರುತ್ತದೆ. ನಾನಿದನ್ನು ಸೌಕರ್ಯವೆಂದೇ ವಾದಿಸುತ್ತೇನೆ.

ಇವೆಲ್ಲ ನನ್ನ ದುಡ್ಡಿನ ಸಾಮಾನುಗಳು, ಹೋಗಲಿ. ಅವ್ವನ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವ ಮರದ ಒರಳಿನ ತಂಟೆಗೆ ನಾನು ಹೋಗಬಾರದಿತ್ತು. ಅಜ್ಜನ ಕಾಲದ್ದು, ದಪ್ಪ ಮರದಲ್ಲಿ ಕೊರೆದ ದುಂಡು ಗುಳಿ, ಅದರೊಳಗೆ ಇಳಿಯುವ ದುಂಡು ಕಂಬ. ಅವ್ವ ಅದನ್ನು ನೀರಿನಲ್ಲಿ ಮುಳುಗಿಸಿದ್ದನ್ನು ನಾನು ಕಂಡಿಲ್ಲ. ಅಂಟಿದ ಹಿಟ್ಟನ್ನು ತೆಂಗಿನ ನಾರಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಂಬವನ್ನೂ ಒರಳನ್ನೂ ಬೇರೆಬೇರೆಯಾಗಿ ಇಡುತ್ತಿದ್ದರು. ಇದು ಶುಚಿಯಲ್ಲವೆಂದು ನನಗೆ ತೋರಿತು. ಒಂದು ಭಾನುವಾರ ಅವರು ಮದುವೆಗೆ ಹೋದ ಸಮಯ ನೋಡಿ, ಎರಡನ್ನೂ ಸೋಪಿನ ನೀರಿನಲ್ಲಿ ಅರ್ಧ ದಿನ ನೆನೆಸಿ, ತೊಳೆದು, ಬಿಡಿಭಾಗ ಕಳೆದುಹೋಗಬಾರದೆಂಬ ಮುಂದಾಲೋಚನೆಯಿಂದ ಕಂಬವನ್ನು ಗುಳಿಯೊಳಗೆ ಗಟ್ಟಿಯಾಗಿ ಕೂರಿಸಿಟ್ಟೆ.

ಮರುದಿನ ಅದು ಒಂದೇ ಮರವಾಗಿತ್ತು. ಮರ ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅದರಲ್ಲೂ ವರ್ಷದ ಬಳೆಗಳ ಗುಂಟ ಉಬ್ಬುವಷ್ಟು ಬಳೆಗಳಿಗೆ ಅಡ್ಡವಾಗಿ ಉಬ್ಬುವುದಿಲ್ಲವಾದ್ದರಿಂದ ದುಂಡಗಿದ್ದ ಕಂಬ ನೀರು ಕುಡಿದರೆ ಮೊಟ್ಟೆಯಾಕಾರಕ್ಕೆ ಹೊರಳುತ್ತದೆ. ದುಂಡು ಗುಳಿಯಲ್ಲಿ ಮೊಟ್ಟೆ ಕಂಬ! ನಾನು ಒರಳನ್ನು ಕಾಲಿನಲ್ಲಿ ಒತ್ತಿ ಹಿಡಿದು ಜಗ್ಗಿದೆ. ಭಾವ ಬಂದು ಜಗ್ಗಿದರು. ಆಮೇಲೆ ಇಬ್ಬರೂ ಎರಡು ತುದಿ ಹಿಡಿದು ಜಗ್ಗಿ ಅಂಗಳದಲ್ಲಿ ಮಕ್ಕಳಿಗೆ ಹಗ್ಗಜಗ್ಗಾಟದ ಆಟ ಒದಗಿಸಿದೆವು. ಬಿಸಿನೀರು ಸುರಿದರೆ ಸಡಿಲವಾಗುತ್ತದೆಂದು ಪಕ್ಕದ ತೋಟದವರು ಹೇಳಿದ್ದನ್ನು ನಂಬಿ ಸುರಿದೆ. ಕುಡಿದವನಿಗೆ ಮತ್ತೊಂದು ಲೋಟ ಕೊಟ್ಟ ಹಾಗಾಯಿತು.

ಅವ್ವ ಬಂದು ನೋಡಿದರು, ಬೈಯಲಿಲ್ಲ. “ಬಿಡು ಮಗ, ಮಳೆ ನಿಲ್ಲಲಿ. ಅದು ಹೋದ ಹಾಗೇ ಬರುತ್ತದೆ” ಎಂದು, ಒಲೆಯ ಉರಿ ನೇರ ತಾಗದ ಅಟ್ಟದ ಮೂಲೆಯಲ್ಲಿ ಅದನ್ನಿಟ್ಟರು. ಬೇಗ ಒಣಗಿಸಿದರೆ ಬಿರುಕು ಬಿಡುತ್ತದಂತೆ. ಕೈಲ್‌ಪೊಳ್ದ್ ಹಬ್ಬ ಬಂತು, ಕಾವೇರಿ ಸಂಕ್ರಮಣ ಬಂತು, ಸುಗ್ಗಿಯ ಹಬ್ಬ ಪುತ್ತರಿಯೂ ಬಂದು ಹೋಯಿತು. ಪ್ರತಿ ಸಲವೂ ಪಕ್ಕದ ತೋಟದವರ ಹಿತ್ತಾಳೆ ಒತ್ತನ್ನು ನಾನೇ ಹೋಗಿ ಎರವಲು ತಂದು, ನಾನೇ ತೊಳೆದು, ನಾನೇ ಹಿಂದಿರುಗಿಸಬೇಕಾಯಿತು. ಕೊಡುವಾಗ ಅವರು, ಇದನ್ನು ಬೇಕಾದರೆ ನೆನೆಹಾಕಬಹುದು ಎಂದು ತಪ್ಪದೆ ನೆನಪಿಸುತ್ತಿದ್ದರು.

ಫೆಬ್ರವರಿಯಲ್ಲಿ, ರೋಬಸ್ಟಾ ಕಾಫಿ ಕೊಯ್ಲು ನಡೆಯುತ್ತಿದ್ದಾಗ, ಮೈಸೂರಿನಿಂದ ಬಂದ ಗೆಳೆಯನಿಗೆ ಹಳೆಯ ಕಾಲದ ಕೆಲಸಗಾರಿಕೆಯನ್ನು ತೋರಿಸುವ ಉತ್ಸಾಹದಲ್ಲಿ ಒರಳನ್ನು ಅಟ್ಟದಿಂದ ಇಳಿಸಿದೆ. “ಎಂಟು ತಿಂಗಳಿಂದ ಒಂದು ಎಳೆಯಷ್ಟೂ ಅಲುಗಿಲ್ಲ, ನೋಡು” ಎಂದು ತಲೆಕೆಳಗು ಮಾಡಿ ಹಿಡಿದೆ. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಕಂಬ ಜಾರಿ ನನ್ನ ಬಲಗಾಲ ಹೆಬ್ಬೆರಳಿನ ಮೇಲೆ ಬಿತ್ತು. ನನ್ನ ಕೂಗು ಕಣದಲ್ಲಿ ಕಾಫಿ ಹರವುತ್ತಿದ್ದವರಿಗೂ ಕೇಳಿಸಿತ್ತು. ಅಡುಗೆಮನೆಯಿಂದ ಅವ್ವನ ದನಿ ಮಾತ್ರ ಬಂತು.

“ಕಂಬಕ್ಕೆ ಏನೂ ಆಗಲಿಲ್ಲ ತಾನೇ?”