ನೀರಗಂಟಿಯ ಹಿಮ್ಮಡಿ

ಇವತ್ತು ಬೆಳಿಗ್ಗೆ ಆರು ಗಂಟೆಗೆ ನಾನು ನಮ್ಮ ಮನೆ ಮುಂದಿನ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಪಂಚೆ ಮೇಲೆ ಕಟ್ಟಿಕೊಂಡು, ತಂಬಿಗೆಯಿಂದ ಕೊಡಕ್ಕೆ ನೀರು ತುಂಬುತ್ತಿದ್ದೆ. ತಲೆ ಮೇಲೆ ಸಿಮೆಂಟ್ ಕಂಬ. ಕಂಬದಲ್ಲಿ ಹೊಸ ನಲ್ಲಿ. ಅದರಲ್ಲಿ ಬರುವುದು ಗಾಳಿ. ನೀರು ಬರುವುದು ಎರಡಡಿ ಕೆಳಗೆ, ನಾವೇ ಅಗೆದು ಬಿಚ್ಚಿಟ್ಟ ಪೈಪಿನ ಬಾಯಲ್ಲಿ. ನಮ್ಮದು ಮೇಲ್ಬೀದಿ ನೋಡಿ. ಇಲ್ಲಿವರೆಗೆ ಬರುವಷ್ಟರಲ್ಲೇ ನೀರಿಗೆ ಏದುಸಿರು, ಇನ್ನು ಕಂಬ ಎಲ್ಲಿ ಹತ್ತೀತು? ಹೊಸ ನಲ್ಲಿ ದಂಡ ಆಗಬಾರದು ಅಂತ ಅವ್ವ ಅದರ ಮೇಲೆ ಟವೆಲ್ ಒಣಹಾಕುತ್ತಾಳೆ.

ಡೇರಿಗೆ ಹಾಲು ಹಾಕಲು ಹೊರಟಿದ್ದ ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಗ್ಗಿ ನೋಡಿ, "ನಮಸ್ತೆ ಸಾರ್" ಅಂದ. ಗುಂಡಿಯಿಂದಲೇ ನಮಸ್ತೆ ಹೇಳಿದೆ. ಅವನ ಮುಖದಲ್ಲಿದ್ದ ಖುಷಿ ನೋಡಿದರೆ ಇವತ್ತು ಶಾಲೆಗೆ ರಜೆ ಹಾಕೋಣ ಅನ್ನಿಸಿತು.

ಈ ನಲ್ಲಿ ಹಾಕಿಸಿದ ಯೋಜನೆಯ ಬಗ್ಗೆ ನನಗೇನೂ ತಕರಾರಿಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. 2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಅಂತ ಇನ್ನೂ ಚಂದದ ಹೆಸರು. ಹಳ್ಳಿಯ ಪ್ರತಿ ಮನೆಗೂ 2024ರೊಳಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಆಮೇಲೆ ಗಡುವು 2028ಕ್ಕೆ ಹೋಯಿತು. ಗ್ರಾಮಸಭೆಯಲ್ಲಿ ಇದನ್ನೆಲ್ಲ ಕೇಳಿ ಬಂದು ಅವ್ವನಿಗೆ ಹೇಳಿದೆ.

"55 ಲೀಟರ್ ಅಂದ್ರೆ ಎಷ್ಟು ಕೊಡ?"

"ನಮ್ಮ ಕೊಡದಲ್ಲಿ ನಾಲ್ಕು ಅಂದ್ಕೊ."

"ಎಮ್ಮೆಗೆಷ್ಟು?"

ತಲೆ ಲೆಕ್ಕದಲ್ಲಿ ಎಮ್ಮೆ ತಲೆ ಸೇರಿಲ್ಲ ಅಂದೆ. "ಹಂಗಾದ್ರೆ ನಿನ್ನ ಪಾಲು ಅದಕ್ಕೆ ಬಿಡು, ನೀನು ಸ್ಕೂಲಲ್ಲಿ ಕುಡಿ" ಅಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ತಕರಾರಿರುವುದು ನಮ್ಮೂರಿನ ಕ್ರಮದ ಬಗ್ಗೆ. ಮೊದಲು ಸಿಸಿ ರಸ್ತೆ ಮಾಡಿದರು. ಅದರ ಮೇಲೆ ಮೂರು ದಿನ ಹುಲ್ಲು ಹಾಸಿ, ನೀರು ಹೊಡೆದು, ನಾಯಿ ತುಳಿಯದ ಹಾಗೆ ಕಾದವರು ನಾವೇ. ಆಮೇಲೆ ಪೈಪಿಗೆಂದು ಅದನ್ನೇ ಸೀಳಿದರು. ಸೀಳಿದ್ದಕ್ಕೆ ತೇಪೆ ಹಾಕಿದರು. ಈಗ ಚರಂಡಿ ಕೆಲಸ ಬಂದಿದೆ, ತೇಪೆಯ ಪಕ್ಕ ಮತ್ತೆ ಅಗೆತ. ಹೊಲಿದ ಮೇಲೆ ಅಳತೆ ತೆಗೆದುಕೊಳ್ಳುವ ದರ್ಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಅಗೆತದ ನಡುವೆ ಇರುವವನು ಊರಿಗೆ ನೀರು ಬಿಡುವ ನಮ್ಮ ನೀರಗಂಟಿ. ಊರಿನ ನೆಲದೊಳಗೆ ಯಾವ ಪೈಪು ಎಲ್ಲಿದೆ ಅನ್ನುವ ನಕ್ಷೆ ಪಂಚಾಯಿತಿಯಲ್ಲಿಲ್ಲ. ಅದಿರುವುದು ಇವನ ಬಲಗಾಲಿನ ಹಿಮ್ಮಡಿಯಲ್ಲಿ. ಯಾರಾದರೂ ಪೈಪೆಲ್ಲಿ ಅಂತ ಕೇಳಿದರೆ ಮೊದಲು ಬೀಡಿ ಆರಿಸುತ್ತಾನೆ. ಉಳಿದರ್ಧವನ್ನು ಕಿವಿಗೆ ಸಿಕ್ಕಿಸುತ್ತಾನೆ. ಬಲಗಾಲಿನ ಚಪ್ಪಲಿ ಬಿಡುತ್ತಾನೆ. ಕಣ್ಣು ಮುಚ್ಚಿ ಹಿಮ್ಮಡಿಯಿಂದ ನೆಲವನ್ನು ಮೂರು ಸಲ ಕುಟ್ಟುತ್ತಾನೆ. ಒಂದು ಹೆಜ್ಜೆ ಸರಿದು ಮತ್ತೆ ಮೂರು ಸಲ. ಇಷ್ಟು ಹೊತ್ತು ಯಾರೂ ಮಾತಾಡುವ ಹಾಗಿಲ್ಲ. ಜೆಸಿಬಿಯವನು ಇಂಜಿನ್ ಆಫ್ ಮಾಡಬೇಕು. ಕೊನೆಗೆ ಕಣ್ಣು ಬಿಟ್ಟು ತೀರ್ಪು ಕೊಡುತ್ತಾನೆ: "ಹುಣಸೆ ಮರದಿಂದ ಮೂರು ಮಾರು, ಬಾವಿ ಕಡೀಕೆ."

ಹುಣಸೆ ಮರ ಕಡಿದು ಇಪ್ಪತ್ತು ವರ್ಷವಾಯಿತು. ಬಾವಿ ಮುಚ್ಚಿ ಅದರ ಮೇಲೆ ಬಸ್ ಸ್ಟಾಪ್ ಕಟ್ಟಿದ್ದಾರೆ.

ಹೋದ ವಾರ ಚರಂಡಿ ಅಗೆಸಲು ಹೊಸ ಇಂಜಿನಿಯರ್ ಬಂದಿದ್ದರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. "ಹಳೇ ಲೈನಿನ ಡ್ರಾಯಿಂಗ್ ಕೊಡಿ" ಅಂದರು. ಎಲ್ಲರೂ ನೀರಗಂಟಿಯ ಕಾಲು ನೋಡಿದರು. ಅವನು ಬೀಡಿ ಆರಿಸಿದ, ಚಪ್ಪಲಿ ಬಿಟ್ಟ, ಕುಟ್ಟಿದ. ನಮ್ಮ ಮನೆಯಿಂದ ನಾಲ್ಕನೇ ಮನೆ ಮುಂದೆ ನಿಂತು, "ಇಲ್ಲಿ ಏನೂ ಇಲ್ಲ. ಧೈರ್ಯವಾಗಿ ಹೊಡೀರಿ" ಅಂದ. "ಖಾತ್ರೀನಾ?" ಅಂತ ಇಂಜಿನಿಯರ್ ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡ.

ಜೆಸಿಬಿ ಎರಡನೇ ಸಲ ಬಾಯಿ ಹಾಕಿತು ನೋಡಿ, ನೀರು ಛಾವಣಿ ಎತ್ತರಕ್ಕೆ ಚಿಮ್ಮಿತು. ಟ್ಯಾಬ್ ಸಮೇತ ಇಂಜಿನಿಯರ್ ತೊಯ್ದು ತೊಪ್ಪೆಯಾದರು. ಎಲ್ಲರೂ ನೀರಗಂಟಿಯ ಕಡೆ ತಿರುಗಿದರು. ಅವನು ಕಿವಿಯಿಂದ ಬೀಡಿ ತೆಗೆದು, ಒದ್ದೆಯಾಗಿದೆಯಾ ಅಂತ ನೋಡಿ, ನಿಧಾನವಾಗಿ ಹೇಳಿದ: "ನಾ ಇಲ್ಲ ಅಂದಿದ್ದು ಹಳೇ ಪೈಪು. ಇದು ಅದಕ್ಕಿಂತ ಹಳೇದು."

ಗೇಟ್‌ವಾಲ್ವ್ ಬಂದ್ ಮಾಡಿ ಅಂತ ಇಂಜಿನಿಯರ್ ಕೂಗಿದರು. ವಾಲ್ವ್ ಸಿಸಿ ರಸ್ತೆಯ ಅಡಿಯಲ್ಲಿತ್ತು. ಅಂದರೆ ಟ್ಯಾಂಕ್ ಖಾಲಿಯಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಮೇಲ್ಬೀದಿಗೆ ಮೇಲ್ಬೀದಿಯೇ ಕೊಡ, ಬಕೆಟ್, ಡ್ರಮ್, ಮದುವೆ ಮನೆಯ ಹಂಡೆ ಹೊತ್ತು ಬಂದಿತ್ತು. ಒಬ್ಬ ಬೈಕ್ ತೊಳೆದ. ಇನ್ನೊಬ್ಬ ಎತ್ತು ತಂದು ನಿಲ್ಲಿಸಿದ. ಅವ್ವ ಹದಿನಾರು ಕೊಡ ತುಂಬಿಸಿ, ನೆನೆದು ನಡುಗುತ್ತಿದ್ದ ಇಂಜಿನಿಯರ್‌ಗೆ ನಲ್ಲಿ ಮೇಲಿನ ಟವೆಲ್ ಕೊಟ್ಟು, "ಬೆಳಿಗ್ಗೆಯಿಂದ ಇಷ್ಟು ಚೆನ್ನಾಗಿ ಯಾರೂ ನೀರು ಬಿಟ್ಟಿರಲಿಲ್ಲ ಕಣಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಅಂದಳು. ಆ ನಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂದಿದ್ದು ಅವತ್ತೇ.

ನಗು ಬಿಡಿ, ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ನೀರು ಬಂದರೆ ಬಚ್ಚಲಿಗೂ ಹೋಗುತ್ತದೆ, ಬಚ್ಚಲಿಂದ ಎಲ್ಲಿಗಾದರೂ ಹೋಗಲೇಬೇಕು. ನಮ್ಮೂರಲ್ಲಿ ಅದು ಬೀದಿಗೆ ಹೋಗುತ್ತದೆ, ಬೀದಿಯಿಂದ ನನ್ನ ಗುಂಡಿಗೆ. ನರೇಗಾದಲ್ಲಿ ಬಚ್ಚಲುಗುಂಡಿ ಮಾಡಿಸಿಕೊಳ್ಳಬಹುದಿತ್ತು. ಗುಂಡಿ ತೋಡಿ ಕಲ್ಲು ತುಂಬಿದರೆ ನೀರು ಮನೆ ಹತ್ತಿರವೇ ಇಂಗುತ್ತದೆ. ಪಕ್ಕದ ಮನೆಯವರಿಗೆ ಹೇಳಿದೆ. "ಚರಂಡಿ ಬರ್ತೈತಲ್ಲ ಮೇಷ್ಟ್ರೇ, ಸುಮ್ನೆ ಯಾಕೆ?" ಅಂದರು. ನೀರು ಬಿಡುವುದು ನಿಂತಾಗ ಖಾಲಿ ಪೈಪು ಗುಂಡಿಯಲ್ಲಿರುವ ಗಲೀಜನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಾರನೇ ದಿನ ಅದೇ ನಮ್ಮ ಕೊಡಕ್ಕೆ. ನೀರು ಪರೀಕ್ಷೆ ಮಾಡಲು ಊರಿನ ಐದು ಹೆಂಗಸರಿಗೆ ಕಿಟ್ ಕೊಟ್ಟು ಕಲಿಸಿದ್ದಾರೆ, ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವಳು ಪುಟ್ಟ ಸೀಸೆ ಅಲ್ಲಾಡಿಸಿ, ಬಣ್ಣ ನೋಡಿ, ನನ್ನ ಮುಖ ನೋಡುತ್ತಾಳೆ. ಕಾಯಿಸಿ ಕುಡಿಯುತ್ತೇವೆ. ಗುಂಡಿ ಮುಚ್ಚೋಣವೆಂದರೆ ನೀರೇ ಇಲ್ಲ.

ಸಂಜೆ ಗುಂಡಿಯ ಕೊಚ್ಚೆ ಎತ್ತಿ ಹಾಕುತ್ತಿದ್ದಾಗ ನೀರಗಂಟಿ ಬಂದ. ಸಿಟ್ಟಿನಲ್ಲಿದ್ದೆ. "ಈ ಮನೆ ಪೈಪಾದರೂ ಎಲ್ಲಿದೆ ಅಂತ ನೆಟ್ಟಗೆ ಹೇಳು ಮಾರಾಯ" ಅಂದೆ. ಬೀಡಿ ಆರಿಸಿದ, ಚಪ್ಪಲಿ ಬಿಟ್ಟ.

"ನಿಮ್ಮ ಅಪ್ಪಾರ ಕೊಟ್ಟಿಗೆ ಗೋದ್ಲಿಯಿಂದ ಒಂದು ಮಾರು, ನುಗ್ಗೆ ಮರದ ಮಗ್ಗುಲಿಗೆ."

ಕೊಟ್ಟಿಗೆ ಕೆಡವಿ ನಾವು ಆರ್‌ಸಿಸಿ ಮನೆ ಕಟ್ಟಿದಾಗ ಅಪ್ಪ ಇರಲಿಲ್ಲ. ದನಕ್ಕೆ ಮೇವು ಹಾಕುವ ಆ ಗೋದಲಿ ಎಲ್ಲಿತ್ತು ಅಂತ ನನಗೇ ಮರೆತಿದೆ. ನುಗ್ಗೆ ಮರವಂತೂ ಇವನು ಹೇಳಿದ ಮೇಲೇ ನೆನಪಾಗಿದ್ದು. ಅದರ ಕೆಳಗೆ ಅಪ್ಪ ಕೂತು ಹಗ್ಗ ಹೊಸೆಯುತ್ತಿದ್ದರು. "ಗೋದಲಿ ಎಲ್ಲಿತ್ತು ತೋರಿಸು" ಅಂದೆ. ಅವನು ನಮ್ಮ ಗೇಟಿನ ಒಳಗೆ ಬಂದು, ಬೈಕ್ ನಿಲ್ಲಿಸುವ ಜಾಗದಲ್ಲಿ ನಿಂತು, ಬರಿಗಾಲಲ್ಲಿ ಒಂದು ಗೆರೆ ಎಳೆದ. ಇಬ್ಬರೂ ಸ್ವಲ್ಪ ಹೊತ್ತು ಆ ಗೆರೆ ನೋಡುತ್ತ ನಿಂತೆವು.

ಆಮೇಲೆ ಹೊರಗೆ ಹೋಗಿ, ನನ್ನ ಗುಂಡಿಯ ಪಕ್ಕ ಮೂರು ಸಲ ಕುಟ್ಟಿ, "ನಾಳೆ ಇಲ್ಲಿಂದ ಚರಂಡಿ ಅಗೀತಾರೆ ಮೇಷ್ಟ್ರೇ. ಭಯ ಬೀಳ್ಬೇಡಿ, ಇಲ್ಲಿ ಯಾವ ಪೈಪೂ ಇಲ್ಲ" ಅಂತ ಬೀಡಿ ಹಚ್ಚಿದ.

ನಾನು ಒಳಗೆ ಬಂದು, ಕೊಡಗಳನ್ನೆಲ್ಲ ತೊಳೆದಿಡು ಅಂತ ಅವ್ವನಿಗೆ ಹೇಳಿದೆ. ಅವಳು ಹಂಡೆಯನ್ನೂ ಇಳಿಸಿದಳು.