ಡಬ್ಬಿಯೊಳಗಿನ ಬ್ಯಾಡ್ಜಿಗೆ ಏನೂ ಆಗಿಲ್ಲ

ಅಕ್ಕನ ಮಗ ಬೇವಿನ ಮರದಿಂದ ಬಿದ್ದ. ಮುಂಗೈಯ ಎರಡೂ ಎಲುಬು ಮುರಿದವು. ಮಕ್ಕಳಿಗೆ ಬಹಳ ಸಲ ಎಳೆದು ಕೂಡಿಸಿ ಪ್ಲಾಸ್ಟರ್ ಹಾಕಿದರೆ ಸಾಕು. ಇವನದ್ದು ನಿಲ್ಲಲಿಲ್ಲ. ಎಲುಬಿನೊಳಗೆ ಟೈಟಾನಿಯಂ ಕಡ್ಡಿ ತೂರಿಸಬೇಕು, ಸಿ-ಆರ್ಮ್ ಎಕ್ಸ್‌ರೇ ಪರದೆಯಲ್ಲಿ ನೋಡ್ತಾ ಮಾಡ್ತೀವಿ ಅಂದರು.

ಕಲಬುರಗಿಯ ಮೇ ತಿಂಗಳು. ಓಟಿ ಹೊರಗೆ ಬೆಂಚಿನ ಮೇಲೆ ನಾಲ್ಕು ಮಡಿಕೆಯ ನೀಲಿ ಗಂಟೊಂದಿತ್ತು. ಸರಿಸಲು ಹೋದರೆ ಜೋಳದ ಗಂಟಿನ ಭಾರ. ಎಕ್ಸ್‌ರೇ ಕಿರಣ ತಡೆಯೋಕೆ ಹಾಕಿಕೊಳ್ಳುವ ಸೀಸದ ಏಪ್ರನ್! ಮಡಚಿದರೆ ಒಳಗೆ ಬಿರುಕು ಬಿಡುತ್ತೆ, ಹ್ಯಾಂಗರಿಗೇ ಹಾಕಬೇಕು. ಹ್ಯಾಂಗರ್ ಇತ್ತು. ಅದರ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು.

"ಇದನ್ನ ಹಾಕ್ಕೊಳ್ಳಂಗಿಲ್ಲೇನು?" ಅಂತ ವಾರ್ಡ್‌ಬಾಯ್‌ನ ಕೇಳಿದೆ.

"ಏಸಿ ಕೆಟ್ಟದ ರೀ. ಇದನ್ನ ಹಾಕ್ಕೊಂಡ್ರ ಶೆಕಿಗೇ ಸಾಯ್ತೀವಿ. ಮಧ್ಯಾಹ್ನ ತಲಿದಿಂಬಿಗೆ ಛಲೋ ಅದ."

ಮೈಗೆ ಬಿದ್ದ ವಿಕಿರಣ ಅಳೆಯೋಕೆ ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಎಲ್ಲಿ ಅಂದೆ. ಬೀರು ತೆಗೆದು ಬಿಸ್ಕತ್ತಿನ ಡಬ್ಬಿ ತೋರಿಸಿದ. ಕಳೆದರೆ ದಂಡ, ಅದಕ್ಕೇ ಜೋಪಾನ. ಮೂರು ತಿಂಗಳಿಗೊಮ್ಮೆ ಅವು ಲ್ಯಾಬಿಗೆ ಹೋಗುತ್ತವೆ, ಯಾರಿಗೆ ಎಷ್ಟು ವಿಕಿರಣ ಬಿತ್ತು ಅಂತ ವರದಿ ಬರುತ್ತೆ. ಸಿಬ್ಬಂದಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ದಾಟಬಾರದು. ಇಲ್ಲಿನ ವರದಿ ಯಾವಾಗಲೂ ಹಾಲಿನಷ್ಟು ಸ್ವಚ್ಛವಂತೆ. ಇರಲೇಬೇಕಲ್ವಾ? ಆ ಬೀರುವಿನ ಆರೋಗ್ಯ ಬಹಳ ಚೆನ್ನಾಗಿದೆ.

ಒಳಗಿಂದ "ಶಾಟ್", "ಇನ್ನೊಂದ್ ಶಾಟ್" ಅಂತ ಕೇಳುತ್ತಲೇ ಇತ್ತು. ಒಂದು ಶಾಟ್ ಅಂದರೆ ಒಂದು ಸಲ ಎಕ್ಸ್‌ರೇ ಬಿಟ್ಟಂತೆ. ಇಪ್ಪತ್ತರ ತನಕ ಎಣಿಸಿ ಬಿಟ್ಟೆ. ಎಲುಬು ಮುರಿದ ಜಾಗವನ್ನು ಕಡ್ಡಿ ದಾಟುತ್ತಿಲ್ಲ. ಅಲ್ಲೊಂದು ಸಣ್ಣ ಗಾಯ ಮಾಡಿ ಕಣ್ಣಿಂದಲೇ ನೋಡಿ ದಾಟಿಸಿದರೆ ಇಷ್ಟು ಶಾಟ್ ಬೇಕಿಲ್ಲ. ಆದರೆ ಗಾಯವಿಲ್ಲದ ಆಪರೇಷನ್ ಅಂದರೆ ಅದರ ಗತ್ತೇ ಬೇರೆ. ಮಗುವಿನ ಮೈಯಿಂದ ಚದುರಿದ ಕಿರಣ ಪಕ್ಕದಲ್ಲಿ ನಿಂತವರಿಗೂ ಬಡಿಯುತ್ತೆ. ದೂರ ಎರಡರಷ್ಟಾದರೆ ಅದು ಕಾಲು ಭಾಗಕ್ಕಿಳಿಯುತ್ತೆ, ಒಂದು ಹೆಜ್ಜೆ ಹಿಂದೆ ಸರಿಯೋಕೆ ದುಡ್ಡೇನೂ ಬೇಡ. ಕೊನೆಗೆ ಯಂತ್ರ ಕುಂಯ್ ಕುಂಯ್ ಅಂತ ಕೂಗಿತು. ಐದು ನಿಮಿಷ ಕಿರಣ ಬಿಟ್ಟಾಯಿತು ಅನ್ನುವ ಎಚ್ಚರಿಕೆ ಅದು. ಯಾರೋ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರು.

ಮರುದಿನ ಬಿಲ್ಲು ಬಂತು. ಹತ್ತಿ, ಗ್ಲೌಸು, ಸೂಜಿ, ಎಲ್ಲಕ್ಕೂ ಒಂದೊಂದು ಸಾಲು. ಹುಡುಗನಿಗೆ ಎಷ್ಟು ಎಕ್ಸ್‌ರೇ ಬಿತ್ತು, ಯಂತ್ರದ ಪರದೆಯಲ್ಲೇ ಇರುತ್ತಲ್ಲ, ಇಲ್ಲಿ ಬರೆದಿಲ್ಲವಲ್ಲ ಅಂದೆ. ಕೌಂಟರಿನ ತಮ್ಮ ಬಿಲ್ಲನ್ನು ಮೇಲಿಂದ ಕೆಳಗೆ ನೋಡಿದ.

"ಅದಕ್ಕ ರೊಕ್ಕ ಹಚ್ಚಿಲ್ಲ ರೀ ಸರ್. ಫ್ರೀ ಅದ."