ಬ್ಲೀಚಿಂಗ್ ಪೌಡರನ್ನ ಒಣಗಿದ್ದ ಹಾಗೇ ಟ್ಯಾಂಕಿಗೆ ಸುರಿಯಬೇಡಿ

ಇವತ್ತು ಬೆಳಿಗ್ಗೆ ಮತ್ತೆ ಅದೇ. ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ತೆಗೆದು, ಡಬ್ಬದಲ್ಲಿ ಮೊಗೆದು, ಕಣ್ಣಂದಾಜಲ್ಲಿ ಪೌಡರ್ ಸುರಿದು, ಐದೇ ನಿಮಿಷಕ್ಕೆ ವಾಲ್ವ್ ಬಿಟ್ಟರು. ಟ್ಯಾಂಕಿನ ಪಕ್ಕದ ಬೀದಿಗೆ ಬಾಯಿಗಿಡಲಾಗದಷ್ಟು ಘಾಟು. ಕಡೇ ಮನೆಯ ನಲ್ಲಿಯಲ್ಲಿ ರೋಗಾಣು ಕೊಲ್ಲಬೇಕಾದ ಕ್ಲೋರಿನ್ ಸೊನ್ನೆ. ಸಿಟ್ಟು ಬರದೆ ಇನ್ನೇನಾಗಬೇಕು?

ನೀರುಗಂಟಿಯನ್ನ ಬೈಯಲು ಮನಸ್ಸಿಲ್ಲ. ಅವರ ಕೈಗೆ ಒಂದು ತಕ್ಕಡಿ ಕೊಟ್ಟವರಿಲ್ಲ, ಲೆಕ್ಕ ಹೇಳಿಕೊಟ್ಟವರಿಲ್ಲ. ಲೆಕ್ಕ ಕಷ್ಟದ್ದೇನಲ್ಲ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಿಡಿದರೆ 1 ಲಕ್ಷ ಲೀಟರ್ ಟ್ಯಾಂಕಿಗೆ ಬೇಕಾಗೋದು 200 ಗ್ರಾಂ. ಹೊಸ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತೆ, ಅಂದರೆ 600 ಗ್ರಾಂ ಪೌಡರ್. ಬಾಯಿ ಬಿಚ್ಚಿಟ್ಟ ಚೀಲ ತೇವಕ್ಕೂ ಬಿಸಿಲಿಗೂ ಸತ್ವ ಕಳೆದುಕೊಂಡು 20%ಗೆ ಇಳಿದಿದ್ದರೆ ಪೂರ್ತಿ ಒಂದು ಕೆಜಿ. ಪಂಪ್ ಹೌಸಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಚೀಲ ನೋಡಿದರೆ ಹೊಟ್ಟೆ ಉರಿಯುತ್ತೆ.

ಪ್ಲಾಸ್ಟಿಕ್ ಬಕೆಟ್ಟಲ್ಲಿ ಮೊದಲು ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಆಮೇಲೆ ಬಕೆಟ್ ತುಂಬಿಸಿ, ಕಲಕಿ, ಅರ್ಧ ಗಂಟೆ ಬಿಡಬೇಕು. ಪೌಡರಿನಲ್ಲಿರೋ ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನ ಮಾತ್ರ ಟ್ಯಾಂಕಿಗೆ ಹಾಕಬೇಕು, ಅದೂ ಬೋರಿನ ಮೋಟರ್ ಓಡುತ್ತಾ ನೀರು ಬೀಳುತ್ತಿರುವಾಗ, ಚೆನ್ನಾಗಿ ಬೆರೆಯಲಿ ಅಂತ. ಟ್ಯಾಂಕ್ ತುಂಬಿದ ಮೇಲೂ ಕಡಿಮೆ ಅಂದರೆ ಅರ್ಧ ಗಂಟೆ ಕಾದು ವಾಲ್ವ್ ಬಿಡಬೇಕು. ಒಣ ಪೌಡರ್ ಸುರಿದರೆ ಸುಣ್ಣ ಟ್ಯಾಂಕಿನ ತಳದಲ್ಲಿ ಕೆಸರಾಗುತ್ತೆ, ಕ್ಲೋರಿನ್ ಒಂದೇ ಕಡೆ ನಿಲ್ಲುತ್ತೆ.

"ಕೋಲಾರದ ಕಡೆ ಸಾವಿರ ಅಡಿಯಿಂದ ಬರೋ ನೀರು ಸ್ವಾಮಿ, ಅದಕ್ಕೇನು ಕೊಳೆ?" ಅಂತಾರೆ. ಕೊಳೆ ಸಾವಿರ ಅಡಿಯಲ್ಲಿಲ್ಲ, ಮೂರು ಅಡಿಯಲ್ಲಿದೆ. ಯಾವುದಾದರೂ ವಾಲ್ವ್ ಗುಂಡಿಯ ಚಪ್ಪಡಿ ಎತ್ತಿ ನೋಡಿ. ವಾಲ್ವಿನ ಕಡ್ಡಿಯ ಸುತ್ತ ನೀರು ಸೋರದಂತೆ ತುರುಕಿದ ಗ್ಲ್ಯಾಂಡ್ ಪ್ಯಾಕಿಂಗ್ ಸವೆದು ತೊಟ್ಟಿಕ್ಕುತ್ತಿರುತ್ತೆ, ಪಕ್ಕದ ಚರಂಡಿ ಬಸಿದು ವಾಲ್ವಿನ ಕತ್ತಿನವರೆಗೆ ಕಪ್ಪು ನೀರು. ನೀರು ಬಿಟ್ಟಾಗ ಪೈಪಿನಿಂದ ಹೊರಕ್ಕೆ ಸೋರುತ್ತೆ. ನಿಲ್ಲಿಸಿದಾಗ, ತಗ್ಗಿನ ಮನೆಗಳಿಗೆ ನೀರು ಇಳಿದು ಪೈಪ್ ಖಾಲಿಯಾಗುತ್ತಾ, ಅದೇ ಸಂದಿಯಿಂದ ಕಪ್ಪು ನೀರನ್ನ ಒಳಕ್ಕೆ ಎಳೆದುಕೊಳ್ಳುತ್ತೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡೋ ಊರಲ್ಲಿ ಪ್ರತಿ ಸಲವೂ ಇದೇ ಕತೆ. ಈ ದಾರಿಯುದ್ದಕ್ಕೂ ಕಾಯೋಕೆ ಅಂತಲೇ ಉಳಿಕೆ ಕ್ಲೋರಿನ್, ಅಂದರೆ ಟ್ಯಾಂಕಿನಲ್ಲಿ ಖರ್ಚಾಗಿ ಮಿಕ್ಕಿ ನಲ್ಲಿಯವರೆಗೂ ಬರೋ ಕ್ಲೋರಿನ್, ಬೇಕಾಗಿರೋದು.

"ಕುಡಿಯೋಕೆ ಫಿಲ್ಟರ್ ನೀರು ತರ್ತೀವಲ್ಲ" ಅನ್ನೋರೂ ಇದ್ದಾರೆ. ಸೊಪ್ಪು ತೊಳೆಯೋದು, ಪಾತ್ರೆ ಬೆಳಗೋದು, ಮಕ್ಕಳು ಬಾಯಿ ಮುಕ್ಕಳಿಸೋದು ಯಾವ ನೀರಲ್ಲಿ? ಬೋರ್ ನೀರಿನ ಫ್ಲೋರೈಡ್ ವಿಷಯಕ್ಕೆ ಆ ಫಿಲ್ಟರ್ ಘಟಕ ಬೇಕೇ ಬೇಕು, ಒಪ್ಪುತ್ತೇನೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಕ್ಲೋರಿನ್ನಿಂದ ಅದು ಹೋಗಲ್ಲ, ಕುದಿಸಿದರೆ ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತೆ. ಆದರೆ ವಾಂತಿ ಭೇದಿ ತರೋದು ಫ್ಲೋರೈಡ್ ಅಲ್ಲ.

ವಾರ್ಡಿನ ಗೆಳೆಯರೇ, ಎರಡು ಕೆಲಸ ಮಾಡಿಸಿ. ಟ್ಯಾಂಕಿನ ಕಂಬದ ಮೇಲೆ ಎಷ್ಟು ಲೀಟರಿಗೆ ಎಷ್ಟು ಗ್ರಾಂ ಅಂತ ಪೇಂಟಲ್ಲಿ ಬರೆಸಿ, ಕೆಳಗೆ ತಕ್ಕಡಿ ಇಡಿಸಿ. ನೀರು ಬಿಟ್ಟ ದಿನ ಟೆಸ್ಟ್ ಕಿಟ್ ಹಿಡಿದು ಟ್ಯಾಂಕಿನ ಬುಡಕ್ಕಲ್ಲ, ಕಡೇ ಮನೆಗೆ ಹೋಗಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಬರಬೇಕು. ಬರದಿದ್ದರೆ ಪೌಡರ್ ಹೆಚ್ಚಿಸೋಕೆ ಮುಂಚೆ ವಾಲ್ವ್ ಗುಂಡಿಗಳ ಚಪ್ಪಡಿ ಎತ್ತಿಸಿ.